ಯಾರ ಪಕ್ಕ ಯಾರು

ಆಕೆಯ ಮನೆಯ ಊಟಕ್ಕೆ ಈ ಬರಹಗಾರ ಮೊದಲ ಸಲ ಹೋದದ್ದು ಬದಲಿ ಆಟಗಾರನಾಗಿ. ಕರೆದಿದ್ದ ಯಾರೋ ದೊಡ್ಡ ಮನುಷ್ಯರಿಗೆ ನೆಗಡಿ ಹಿಡಿದಿತ್ತು. ಮೇಜಿನಲ್ಲಿ ಒಂದು ಕುರ್ಚಿ ಖಾಲಿ ಉಳಿಯುವುದು ಶೋಭೆಯಲ್ಲವೆಂದು ನಗೆಬರಹ ಬರೆಯುವ ಪ್ರಾಣಿಯೊಂದನ್ನು ಹಿಡಿದು ತಂದು ಕೂರಿಸಿದ್ದರು. ಪಕ್ಕದಲ್ಲಿ ನಿವೃತ್ತ ನ್ಯಾಯಾಧೀಶರೊಬ್ಬರು. ಈತ ಹೇಳಿದ ಒಂದೊಂದು ಜೋಕಿಗೂ ಅವರು ಭುಜ ಕುಣಿಸಿ ನಕ್ಕರು. ಹಳಸಿದ ಜೋಕಿಗೂ ನಕ್ಕರು. ಮನೆಗೆ ಹೊರಟಾಗ ಈತನ ಕಾಲು ನೆಲದ ಮೇಲಿರಲಿಲ್ಲ. ಮನೆಯೊಡತಿಯ ಬಗ್ಗೆ ಮಾತ್ರ ಅಭಿಪ್ರಾಯ ಅಷ್ಟಕ್ಕಷ್ಟೆ: ಮುತ್ತಿನ ಸರ, ತಿದ್ದಿದ ಹುಬ್ಬು, ಸದಾ ಒಂದೇ ಅಳತೆಯ ನಗು. ತಲೆಯೊಳಗೆ ಹೂದಾನಿ ಬಿಟ್ಟರೆ ಬೇರೆ ಸಾಮಾನು ಇರಲಾರದು. ಅಷ್ಟು ಜನರ ನಡುವೆ ತನಗೊಬ್ಬ ರಸಿಕ ಸಿಕ್ಕಿದ್ದು ತನ್ನ ಪುಣ್ಯ, ಶುದ್ಧ ಆಕಸ್ಮಿಕ.

ಆಕಸ್ಮಿಕವೂ ಅಲ್ಲ, ಪುಣ್ಯವೂ ಅಲ್ಲ. ನ್ಯಾಯಾಧೀಶರಿಗೆ ಎರಡೂ ಕಿವಿ ಕೇಳಿಸುತ್ತಿರಲಿಲ್ಲ. ಪಕ್ಕದವನ ಬಾಯಿ ನಿಂತ ಕೂಡಲೇ ನಗುವುದು ಅವರು ರೂಢಿಸಿಕೊಂಡಿದ್ದ ಶಿಷ್ಟಾಚಾರ. ಮೇಜಿನ ಆಚೆ ತುದಿಯಲ್ಲಿ ಸಕ್ಕರೆ ವ್ಯಾಪಾರಿಯೊಬ್ಬರು ಕೂತಿದ್ದರು. ಅವರನ್ನು ಈ ಬರಹಗಾರ ಸ್ವಲ್ಪ ದಿನಗಳ ಹಿಂದಷ್ಟೇ ಪತ್ರಿಕೆಯಲ್ಲಿ ಗೇಲಿ ಮಾಡಿದ್ದ. ಹೂದಾನಿ ತಲೆಯ ಹೆಂಗಸು ಅದನ್ನು ಓದಿ, ಇಬ್ಬರನ್ನೂ ಅಳೆದು, ಇವನ ಮಾತೆಲ್ಲ ಕೇಳದ ಕಿವಿಗೆ ಹೋಗಿ ಬೀಳುವಂತೆ ಕುರ್ಚಿ ಹಾಕಿಸಿದ್ದಳು. ಯಾರಿಗೂ ನೋವಿಲ್ಲ, ಎಲ್ಲರಿಗೂ ಸಂತೋಷ. ಇದನ್ನು ವರ್ಷಗಳಾದ ಮೇಲೆ ಆಕೆಯೇ ಹೇಳಿದಳು. ಆ ಹೊತ್ತಿಗೆ ಆಕೆ ಆ ಅಳತೆಯ ನಗುವನ್ನು ಬಿಟ್ಟುಬಿಟ್ಟಿದ್ದಳು.

ಊರಿನವರು ಅವಳನ್ನು ಪಾರ್ಟಿ ಮೇಡಂ ಎನ್ನುತ್ತಿದ್ದರು. ಕಣ್ಣಿನ ಡಾಕ್ಟರರ ಮಗಳು. ನೆಲಕ್ಕೆ ಹಾಸುವ ಟೈಲ್ಸ್ ತಯಾರಿಸುವವರ ಮನೆಗೆ ಸೊಸೆಯಾಗಿ ಬಂದಳು. ಆ ಮನೆಯ ಊಟದ ಕೋಣೆಯಲ್ಲಿ ಉದ್ದನೆಯ ಮೇಜೊಂದಿತ್ತು, ಈ ತುದಿಯಲ್ಲಿ ಕೂತವನು ಆ ತುದಿಯವನ ಜೊತೆ ಮಾತಾಡಬೇಕಾದರೆ ಫೋನ್ ಮಾಡಬೇಕು ಎನ್ನುವಷ್ಟು ಉದ್ದ. ಮದುವೆಯಾದ ಹೊಸದರಲ್ಲೇ ಗಂಡ ಆ ಮೇಜನ್ನು ತೋರಿಸಿ, "ಇನ್ಮೇಲೆ ಇದು ನಿಂದು" ಎಂದಿದ್ದರು. ಬೇರೆಯವರು ಬಂಗಾರ ಕೊಡುತ್ತಾರೆ, ಇವರು ಮೇಜು ಕೊಟ್ಟರು. ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಂಡಳು.

ಇಪ್ಪತ್ತು ವರ್ಷ ಆ ಮೇಜಿನಲ್ಲಿ ಯಾರ ಪಕ್ಕ ಯಾರು ಕೂರಬೇಕೆಂದು ತೀರ್ಮಾನಿಸಿದವಳು ಅವಳೇ. ಮಧ್ಯಾಹ್ನವೇ ಕೋಣೆಯ ಬಾಗಿಲು ಹಾಕಿಕೊಂಡು, ಹೆಸರಿನ ಚೀಟಿಗಳನ್ನು ತಟ್ಟೆಗಳ ಮುಂದೆ ಇಟ್ಟು, ತೆಗೆದು, ಬದಲಿಸಿ, ಚದುರಂಗ ಆಡುವವರ ಹಾಗೆ ತುಟಿ ಕಚ್ಚಿಕೊಂಡು ನಿಲ್ಲುತ್ತಿದ್ದಳು. ಅವಳದೇ ಒಂದು ಶಾಸ್ತ್ರವಿತ್ತು. ಜಗಳವಾಡಿದವರನ್ನು ಎದುರುಬದುರು ಕೂರಿಸಬಾರದು, ಕಣ್ಣಿಗೆ ಕಣ್ಣು ತಾಗಿದರೆ ಕಿಡಿ ಹಾರುತ್ತದೆ. ದೂರ ಕೂರಿಸಲೂಬಾರದು, ಇಬ್ಬರೂ ಅಲ್ಲಲ್ಲೇ ಪಕ್ಷ ಕಟ್ಟುತ್ತಾರೆ. ಪಕ್ಕಪಕ್ಕವೇ ಕೂರಿಸಬೇಕು. ಪಕ್ಕದಲ್ಲಿ ಕೂತವನ ಮುಖ ಕಾಣುವುದಿಲ್ಲ, ಕೈ ಕಾಣುತ್ತದೆ. ಕೈಯನ್ನು ದ್ವೇಷಿಸುವುದು ಕಷ್ಟ. ಆಮೇಲೆ ಇಬ್ಬರ ನಡುವೆ ಉಪ್ಪಿನ ಬಟ್ಟಲು ಒಂದೇ ಇಡಬೇಕು, ಅಡುಗೆಗೆ ಉಪ್ಪು ಒಂದು ಚಿಟಿಕೆ ಕಮ್ಮಿ ಹಾಕಿಸಬೇಕು. "ಸ್ವಲ್ಪ ಉಪ್ಪು ಕೊಡ್ತೀರಾ" ಎಂದವನು ಆಮೇಲೆ ಸೆಖೆಯ ವಿಷಯ ತೆಗೆಯುತ್ತಾನೆ, ಸಿಹಿ ಬರುವ ಹೊತ್ತಿಗೆ ಮಕ್ಕಳ ಓದಿನ ವಿಷಯಕ್ಕೆ ಬಂದಿರುತ್ತಾನೆ.

ಎಣ್ಣೆ ಸೀಗೆಕಾಯಿಯಂತಿದ್ದ ಎಷ್ಟೋ ಜನ ಆ ಒಂದು ಬಟ್ಟಲಿನಿಂದ ಬೀಗರಾದರು. ಗಂಡನ ಕಾರ್ಖಾನೆಗೆ ಮಣ್ಣು ಕೊಡುವವರು, ಲಾರಿ ಓಡಿಸುವವರು, ಅನುಮತಿ ಕೊಡುವವರು, ಎಲ್ಲರೂ ಅದೇ ಉಪ್ಪು ತಿಂದವರು. ಟೈಲ್ಸ್ ಸಾಹುಕಾರರು ಮಾತ್ರ ತಮ್ಮ ಎದೆ ತಟ್ಟಿಕೊಂಡು, "ನಂಗೆ ಮನುಷ್ಯರ ನಾಡಿ ಗೊತ್ತು ಕಣ್ರಿ" ಎನ್ನುತ್ತಿದ್ದರು. ಕಾರ್ಖಾನೆಯ ಬೆಳ್ಳಿಹಬ್ಬದ ಭಾಷಣದಲ್ಲಿ ಕಾವಲುಗಾರನಿಂದ ಹಿಡಿದು ಲೆಕ್ಕಿಗರವರೆಗೆ ಎಲ್ಲರಿಗೂ ಕೃತಜ್ಞತೆ ಹೇಳಿ, ಕೊನೆಗೆ ಹೆಂಡತಿಯ ಕಡೆ ತಿರುಗಿ, "ಇನ್ನು ನನ್ನ ಶ್ರೀಮತಿ. ಹೂವು ಬಹಳ ಚೆನ್ನಾಗಿ ಜೋಡಿಸ್ತಾಳೆ" ಎಂದರು. ಸಭೆ ಚಪ್ಪಾಳೆ ತಟ್ಟಿತು. ಅವಳು ನಕ್ಕಳು, ಅದೇ ಅಳತೆ.

ಹೂವು ಜೋಡಿಸುತ್ತಿದ್ದದ್ದು ತೋಟದ ಮಾಲಿ.

ಅದೇ ಸುಮಾರಿಗೆ ಅವಳು ಹಲ್ಲುನೋವೆಂದು ಹೋದಾಗ ದಂತವೈದ್ಯೆ ಬಾಯೊಳಗೆ ಕನ್ನಡಿ ಹಿಡಿದು ಗಾಬರಿಯಾದಳು. "ನಿದ್ದೆಯಲ್ಲಿ ಹಲ್ಲು ಕಡೀತೀರಾ? ಬೀಸೋ ಕಲ್ಲಿನ ಹಾಗೆ ಸವೆದುಹೋಗಿದೆಯಲ್ರೀ. ಏನಾದ್ರೂ ಚಿಂತೆನಾ?"

"ಚಿಂತೆ ಏನಿಲ್ಲ. ನಗ್ತಾ ಇರ್ತೀನಿ, ಅದರ ಸುಸ್ತಿರಬೇಕು" ಎಂದಳು ಪಾರ್ಟಿ ಮೇಡಂ. ವೈದ್ಯೆ ಜೋಕೆಂದು ನಕ್ಕಳು.

ಬದುಕು ಮಗ್ಗುಲು ಬದಲಿಸಿದ್ದು ಒಂದು ಬಹುಮಾನ ವಿತರಣೆಯಲ್ಲಿ. ಊರಿನ ನಾಟಕ ತಂಡದವರು ಟೈಲ್ಸ್ ಸಾಹುಕಾರರನ್ನು ಮುಖ್ಯ ಅತಿಥಿಯಾಗಿ ಕರೆದಿದ್ದರು. ಹಳೆಯ ಹತ್ತಿ ಗೋದಾಮಿನಲ್ಲಿ ಆಟ. ತಗಡಿನ ಸೂರು, ಮಡಚುವ ಕುರ್ಚಿಗಳು, ಕೂತರೆ ಕೀರಲು, ಎದ್ದರೆ ಇನ್ನೂ ದೊಡ್ಡ ಕೀರಲು. ಮುಂದಿನ ಸಾಲಿನಲ್ಲಿ ಸಾಹುಕಾರರು, ಅವರ ಹೆಂಡತಿ, ಹೆಂಡತಿಯ ನಾದಿನಿ. ನಾಟಕದ ಕತೆ ಇಷ್ಟೆ: ಅಕ್ಕತಂಗಿಯರು ಲಾಂಡ್ರಿ ನಡೆಸುತ್ತಾರೆ, ತಂಗಿ ಓಡಿಹೋಗುತ್ತಾಳೆ, ಅಕ್ಕ ಉಳಿಯುತ್ತಾಳೆ. ತಂಗಿ ಹೋದ ದಿನ ಅಕ್ಕ ಅಂಗಡಿ ತೆರೆದು ಇಸ್ತ್ರಿ ಮಾಡಲು ನಿಲ್ಲುತ್ತಾಳೆ. ಮಾತಿಲ್ಲ, ಸಂಗೀತವಿಲ್ಲ. ಗಂಡಸರ ಅಂಗಿ ಒಂದಾದ ಮೇಲೊಂದು. ಕಾಲರು, ತೋಳು, ಬೆನ್ನು, ಗುಂಡಿಯ ಸಾಲು, ಮಡಿಕೆ, ಇನ್ನೊಂದು ಅಂಗಿ. ಪಾತ್ರ ಮಾಡಿದ್ದ ಮುದುಕಿಯ ಮುಖದಲ್ಲಿ ಏನೂ ಅಲುಗಲಿಲ್ಲ. ಆದರೆ ಇಸ್ತ್ರಿಪೆಟ್ಟಿಗೆ ಒಂದೊಂದು ಸಲ ಮೇಜಿಗೆ ತಾಗಿದಾಗಲೂ ಗೋದಾಮಿನಲ್ಲಿ ಕೂತಿದ್ದವರು ತಮ್ಮ ಕಾಲು ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಪೂರ್ತಿ ಏಳು ನಿಮಿಷ ಕುರ್ಚಿಗಳು ಕೀರಲಿಲ್ಲ.

"ಅತ್ತಿಗೆ, ಮುದುಕಿ ಮಾತು ಮರೆತ್ಬಿಟ್ಲು ಅನ್ಸುತ್ತೆ" ಎಂದು ನಾದಿನಿ ಕಿವಿಯಲ್ಲಿ ಪಿಸುಗುಟ್ಟಿದಳು.

"ಸುಮ್ನಿರಿ" ಎಂದಳು ಅವಳು. ನಾದಿನಿಗೆ ಅವಳಾಡಿದ ಮೊದಲ ಗಟ್ಟಿ ಮಾತು ಅದು. ನಾದಿನಿ ಅದನ್ನು ಈಗಲೂ ನೆನೆಸಿಕೊಂಡು ಮುಖ ಊದಿಸಿಕೊಳ್ಳುತ್ತಾಳೆ. ಸಾಹುಕಾರರಿಗೆ ಯಾವ ತೊಂದರೆಯೂ ಆಗಲಿಲ್ಲ, ಅವರು ನಿದ್ದೆ ಮಾಡಿದ್ದರು.

ಆಟ ಮುಗಿದ ಮೇಲೆ ಅವಳು ಪರದೆಯ ಹಿಂದೆ ಹೋದಳು. ಮುದುಕಿ ಬಣ್ಣ ಒರೆಸಿಕೊಳ್ಳುತ್ತ ಕೂತಿದ್ದಳು. ತಂಡದವರೆಲ್ಲ ಆಕೆಯನ್ನು ದೊಡ್ಡಮ್ಮ ಎನ್ನುತ್ತಿದ್ದರು.

"ಅಷ್ಟೊಂದು ಕೋಪ ಹೇಗೆ ಬರಿಸ್ಕೋತೀರಿ?"

ದೊಡ್ಡಮ್ಮ ಕನ್ನಡಿಯಲ್ಲೇ ಅವಳ ಮುತ್ತಿನ ಸರ ನೋಡಿದಳು, ಆಮೇಲೆ ಮುಖ ನೋಡಿದಳು. "ಬರಿಸ್ಕೊಳ್ಳೋದೇನು ಬಂತು ಅಮ್ಮಾವ್ರೇ. ಎಲ್ರೂ ಇಟ್ಕೊಂಡೇ ಇರ್ತೀವಲ್ಲ. ನಾನು ಡಬ್ಬಿ ಮುಚ್ಚಳ ತೆಗೀತೀನಿ, ಅಷ್ಟೇ."

ಸ್ವಲ್ಪ ದಿನಕ್ಕೇ ಆ ಗೋದಾಮನ್ನು ಕೆಡವುತ್ತಾರೆಂದು ಸುದ್ದಿ ಬಂತು. ಅವಳು ತನ್ನ ತವರಿನಿಂದ ಬಂದದ್ದನ್ನೆಲ್ಲ ಸುರಿದು ಅದನ್ನು ಕೊಂಡಳು. "ಹುಚ್ಚು ಹಿಡೀತಾ?" ಎಂದರು ಗಂಡ. "ಸೋರೋ ಸೂರಿನ ಕೆಳಗೆ ಬಣ್ಣ ಬಳ್ಕೊಂಡು ಕುಣಿಯೋರಿಗೆ ಮನೆ ಕಟ್ಟಿಕೊಟ್ಟೆಯಲ್ಲ. ಎಲ್ಲಾ ಬಣ್ಣ ಮಸಿ ನುಂಗಿತು ಅಂತ ಆಗೋದು ಕೊನೆಗೆ."

"ಮಸಿ ಆದ್ರೆ ನಂದೇ ಮುಖಕ್ಕೆ ತಾನೇ?" ಎಂದಳು ಅವಳು.

ಊರು ನಕ್ಕಿತು. ಪಾರ್ಟಿ ಮೇಡಂಗೆ ಹೊಸ ಗೊಂಬೆ ಸಿಕ್ಕಿದೆ, ಕೈಕಾಲು ಮುರಿಯುವವರೆಗೆ ಆಡುತ್ತಾಳೆ ಎಂದರು. ಪತ್ರಿಕೆಗಳಲ್ಲಿ ಅವಳ ಚಿತ್ರ ಬಂದಾಗಲೆಲ್ಲ ಕೆಳಗೆ "ಟೈಲ್ಸ್ ಉದ್ಯಮಿಯ ಪತ್ನಿ" ಎಂದು ಬರೆಯುತ್ತಿದ್ದರು. ಒಮ್ಮೆ ಪಕ್ಕದಲ್ಲಿ ನಿಂತ ನಾಯಿಯ ಹೆಸರು ಹಾಕಿ ಇವಳದನ್ನು ಬಿಟ್ಟರು. ಅವಳು ಗೋದಾಮಿನಲ್ಲಿ ಬಡಗಿಯ ಹಳೆಯ ಮೇಜೊಂದನ್ನು ಹಾಕಿಸಿ, ತಂಡದವರಿಗೆಲ್ಲ ಅಲ್ಲೇ ಊಟ ಎಂದು ಸಾರಿದಳು. ಮೇಜು ಬೇರೆ, ವಿದ್ಯೆ ಅದೇ. ಮಾತು ಬಿಟ್ಟಿದ್ದ ನಾಟಕಕಾರನನ್ನೂ ನಾಯಕಿಯನ್ನೂ ಪಕ್ಕಪಕ್ಕ ಕೂರಿಸಿದಳು, ನಡುವೆ ಒಂದು ಉಪ್ಪಿನ ಬಟ್ಟಲು. ನಾಟಕ ಮುಂದುವರಿಯಿತು. ಊರಿನಲ್ಲಿ ಒಂದೊಂದು ತಂಡ ವರ್ಷಕ್ಕೊಮ್ಮೆ ಒಡೆಯುತ್ತಿದ್ದ ಕಾಲ. ಅವಳ ತಂಡ ಒಡೆಯಲಿಲ್ಲ. ವರ್ಷಗಟ್ಟಲೆ ಗೋದಾಮಿನಲ್ಲಿ ವಾರವಾರವೂ ಆಟ ನಡೆಯಿತು.

ಆದರೆ ನಗು ಹೋಯಿತು. ಒಮ್ಮೆ ಡಬ್ಬಿಯ ಮುಚ್ಚಳ ತೆಗೆದ ಮೇಲೆ ಮತ್ತೆ ಹಾಕಲು ಬರಲಿಲ್ಲವೋ, ಮನಸ್ಸಾಗಲಿಲ್ಲವೋ. ಸಮಾರಂಭವೊಂದರಲ್ಲಿ ಸಂಸ್ಕೃತಿ ಇಲಾಖೆಯ ದೊಡ್ಡ ಅಧಿಕಾರಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ನಿಮ್ಮಂಥ ಶ್ರೀಮಂತರು ಕಲೆಗೆ ಹೀಗೇ ಆಶ್ರಯ ಕೊಡ್ತಾ ಇರ್ಬೇಕು" ಎಂದರು.

"ಆಶ್ರಯ ಅನಾಥರಿಗೆ ಕೊಡೋದು. ಇವರು ಕೆಲಸ ಮಾಡೋರು. ನೀವು ಹೋದ ಸಲಾನೂ ಪುಕ್ಕಟೆ ನೋಡಿದ್ರಿ, ಈ ಸಲ ಟಿಕೆಟ್ ತಗೊಳ್ಳಿ" ಎಂದಳು.

ಅಧಿಕಾರಿ ನಕ್ಕರು, ಆಮೇಲೆ ಅವಳು ನಗುತ್ತಿಲ್ಲವೆಂದು ಗಮನಿಸಿ ನಿಲ್ಲಿಸಿದರು. ಮೂಗಿನ ತುದಿಯಲ್ಲೇ ಕೋಪ ಎಂದು ಜನ ಆಡಿಕೊಂಡರು. ಅದು ಮೂಗಿನ ತುದಿಗೆ ಬರಲು ಎಷ್ಟು ದೂರದಿಂದ ನಡೆದು ಬಂದಿದೆ ಎಂದು ಯಾರೂ ಕೇಳಲಿಲ್ಲ.

ಗೋದಾಮಿನಲ್ಲಿ ದೀಪ ನೋಡಿಕೊಳ್ಳುತ್ತಿದ್ದ ಯುವಕನೊಬ್ಬನಿದ್ದ. ಗದ್ದಕ್ಕಿಂತ ಮೊದಲು ಗಡ್ಡ ಕಾಣಿಸುವವನಾದ್ದರಿಂದ ಎಲ್ಲರಿಗೂ ಗಡ್ಡ. ಅವನಿಗೆ ಕಣ್ಣಿದೆ ಎಂದು ಅವಳೇ ಕಂಡುಹಿಡಿದು, ನಾಟಕ ಮಾಡಿಸಿ, ಮೇಲೆತ್ತಿದಳು. ಅಕ್ಕ, ಅಕ್ಕ ಎಂದು ಬೆನ್ನ ಹಿಂದೆಯೇ ಇರುತ್ತಿದ್ದ. ದೊಡ್ಡಮ್ಮನ ಮಂಡಿ ಸೋಲತೊಡಗಿದಾಗ, ಆಕೆ ನಿಲ್ಲಬಲ್ಲ ಕಾಲದಲ್ಲೇ ಲಾಂಡ್ರಿಯ ಕತೆಯನ್ನು ಸಿನಿಮಾ ಮಾಡಿಬಿಡಬೇಕೆಂದು ಅವಳು ಹಟ ಹಿಡಿದಳು. ನಿರ್ಮಾಪಕಿ ತಾನು, ನಿರ್ದೇಶಕ ಗಡ್ಡ. ಚಿತ್ರೀಕರಣ ಶುರುವಾಗುವ ಮೊದಲು ದೊಡ್ಡಮ್ಮ ಒಂದೇ ಒಂದು ಷರತ್ತು ಹಾಕಿದಳು.

"ನನ್ನ ಮುಖ ಚಿಕ್ಕದು ಮಾಡಿ, ಕುರೂಪ ಮಾಡಿ, ಏನಾದ್ರೂ ಮಾಡ್ಕೊಳ್ಳಿ. ಇಸ್ತ್ರಿ ಮಾಡೋ ಹೊತ್ತಿಗೆ ಮಾತ್ರ ಕತ್ತರಿ ತಗೊಂಡು ಬರ್ಬೇಡಿ ಕಣ್ರೇ. ಅದೊಂದೇ ನಾನು ಬಿಟ್ಟುಹೋಗೋದು."

"ಕತ್ತರಿ ನನ್ನ ಕೈಲಿರುತ್ತೆ ದೊಡ್ಡಮ್ಮ" ಎಂದು ಅವಳು ಮಾತು ಕೊಟ್ಟಳು.

ನಿಜವಾದ ಲಾಂಡ್ರಿಯೊಂದರಲ್ಲಿ ಆ ದೃಶ್ಯ ತೆಗೆದರು. ಹಬೆ, ಸೋಪಿನ ವಾಸನೆ, ಹಗ್ಗದ ಮೇಲೆ ಯಾರದೋ ಹಾಸಿಗೆ ಹೊದಿಕೆಗಳು. ನಾಲ್ಕನೆಯ ಅಂಗಿಯ ತೋಳಿಗೆ ಬಂದಾಗ ಪೆಟ್ಟಿಗೆಯ ಅಂಚು ದೊಡ್ಡಮ್ಮನ ಬೆರಳಿಗೆ ತಾಗಿತು. ಆಕೆ ಕೈ ಹಿಂತೆಗೆಯಲಿಲ್ಲ. ಆ ಬೆರಳನ್ನು ಒಮ್ಮೆ ನೋಡಿ, ಅದು ಬೇರೆ ಯಾರದೋ ಎಂಬಂತೆ, ಅಂಗಿಯನ್ನು ಮಗುಚಿ ಹಾಕಿದಳು. ಗಡ್ಡ ಕ್ಯಾಮೆರಾದ ಹಿಂದೆ ಕೂತು ಗಡ್ಡವೆಲ್ಲ ಒದ್ದೆಯಾಗುವಂತೆ ಅತ್ತ. "ಅಕ್ಕ, ಇದಕ್ಕೆ ಕೈ ಹಚ್ಚಿದವನ ಕೈ ಬಿದ್ದುಹೋಗ್ಲಿ" ಎಂದ.

ಸಿನಿಮಾ ಮುಗಿದ ಮೇಲೆ ಗೊತ್ತಾದದ್ದು, ಮಾಡುವುದು ಅರ್ಧ, ತೋರಿಸುವುದು ಇನ್ನರ್ಧ ಎಂಬುದು. ಊರಿನ ಚಿತ್ರಮಂದಿರಗಳೆಲ್ಲ ಒಬ್ಬ ವಿತರಕರ ಮುಷ್ಟಿಯಲ್ಲಿದ್ದವು. ಅವರಿಗೆ ಇಂಟರ್‌ವಲ್ ಸಾಹೇಬರೆಂದು ಹೆಸರು: ಯಾವ ಸಿನಿಮಾವನ್ನೂ ಅರ್ಧಕ್ಕಿಂತ ಹೆಚ್ಚು ನೋಡಿದವರಲ್ಲ. ಅರ್ಧ ಹಣ್ಣು ತಿಂದರೆ ಮರದ ಜಾತಿ ಗೊತ್ತಾಗುವುದಿಲ್ಲವೇ ಎಂಬುದು ಅವರ ವಾದ. ಅವರಿಗೂ ಗಡ್ಡನಿಗೂ ಮೊದಲ ಭೇಟಿಯಲ್ಲೇ ಹತ್ತಿಕೊಂಡಿತು.

"ಇದೇನಪ್ಪ, ಸಿನಿಮಾನೋ ಲಾಂಡ್ರಿ ಅಂಗಡಿ ಜಾಹೀರಾತೋ?" ಎಂದರು ಸಾಹೇಬರು.

"ನಿಮಗೆ ಬೇಕಿರೋದು ಸಿನಿಮಾ ಅಲ್ಲ ಸರ್. ಜನ ಇಂಟರ್‌ವಲ್‌ನಲ್ಲಿ ಏನು ತಿಂದ್ರು ಅನ್ನೋದು" ಎಂದ ಗಡ್ಡ.

ಇಬ್ಬರೂ ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋದರು. ಇವಳಿಗೆ ಚಿತ್ರಮಂದಿರ ಬೇಕು. ಗಡ್ಡನಿಲ್ಲದೆ ಸಿನಿಮಾ ಇಲ್ಲ, ಸಾಹೇಬರಿಲ್ಲದೆ ಪರದೆ ಇಲ್ಲ. ಆಗ ಅವಳು ಮಾಡಬಾರದ್ದನ್ನು ಮಾಡಿದಳು, ಅಂದರೆ ತನಗೆ ಚೆನ್ನಾಗಿ ಬರುವುದನ್ನು ಮಾಡಿದಳು. ಇಬ್ಬರನ್ನೂ ಮನೆಗೆ ಊಟಕ್ಕೆ ಕರೆದಳು. ಉದ್ದನೆಯ ಮೇಜಿಗೆ ಎಷ್ಟೋ ಕಾಲದ ಮೇಲೆ ಬಿಳಿ ಬಟ್ಟೆ ಹಾಸಿಸಿದಳು. ಚೀಟಿಗಳನ್ನು ಇಟ್ಟು, ತೆಗೆದು, ಮತ್ತೆ ಇಟ್ಟಳು. ಸಾಹೇಬರ ಪಕ್ಕ ಗಡ್ಡ, ನಡುವೆ ಉಪ್ಪಿನ ಬಟ್ಟಲು.

ಸೂಪಿನ ಹೊತ್ತಿಗೆ ಇಬ್ಬರೂ ಗೋಡೆ ನೋಡುತ್ತಿದ್ದರು. ಮಾಂಸ ಬಂದಾಗ ಬಟ್ಟಲು ಅತ್ತಿಂದಿತ್ತ ಹೋಯಿತು. ಸಿಹಿ ಬಂದಾಗ ಸಾಹೇಬರು ತಮ್ಮ ಪಾಲಿನದನ್ನೂ ಗಡ್ಡನ ತಟ್ಟೆಗೆ ಸರಿಸಿ, "ವಯಸ್ಸಿನ ಹುಡುಗ, ತಿನ್ನು" ಎನ್ನುತ್ತಿದ್ದರು. ಹೊರಡುವಾಗ ಇಬ್ಬರೂ ಒಂದೇ ಕಾರು ಹತ್ತಿದರು. ಮೆಟ್ಟಿಲ ಮೇಲೆ ನಿಂತು ಕೈ ಬೀಸಿದ ಮೇಡಂಗೆ ಅವತ್ತು ತನ್ನ ಮೇಲೆ ತನಗೇ ಎಷ್ಟು ಅಭಿಮಾನ ಉಕ್ಕಿತೆಂದರೆ, ಒಳಗೆ ಬಂದು ಆ ಉಪ್ಪಿನ ಬಟ್ಟಲನ್ನು ತಾನೇ ತೊಳೆದಿಟ್ಟಳು.

ಮುಂದಿನ ವಾರ ಅದೇ ಕಾರಿನಲ್ಲಿ ಇಬ್ಬರೂ ಮತ್ತೆ ಬಂದರು. ಕೂತದ್ದೂ ಒಂದೇ ಸೋಫಾದಲ್ಲಿ, ಭುಜಕ್ಕೆ ಭುಜ ತಾಗಿಸಿ.

"ನೋಡಿ ತಂಗಿ" ಎಂದರು ಸಾಹೇಬರು, "ನಿಮ್ಮ ಸಿನಿಮಾ ದೊಡ್ಡ ಪರದೆ ಮೇಲೆ ಬರುತ್ತೆ. ಒಂದೇ ಒಂದು ಸಣ್ಣ ವಿಷಯ. ಆ ಮುದುಕಿ ಇಸ್ತ್ರಿ ಮಾಡೋದಿದೆಯಲ್ಲ, ಅದನ್ನ ಒಂದು ಅಂಗಿಗೆ ನಿಲ್ಲಿಸೋಣ. ಉಳಿದ ಜಾಗದಲ್ಲಿ ತಂಗಿ ಓಡಿಹೋದಳಲ್ಲ, ಅವಳದೊಂದು ಹಾಡು."

ಅವಳು ಗಡ್ಡನ ಕಡೆ ನೋಡಿದಳು. ಗಡ್ಡ ಕಾರ್ಪೆಟ್ಟಿನ ಹೂವುಗಳನ್ನು ನೋಡುತ್ತಿದ್ದ. "ಭಾವ ಉಳಿಯುತ್ತೆ ಅಕ್ಕ. ಅವಧಿ ಹೋಗುತ್ತೆ, ಅಷ್ಟೇ."

"ಕೈ ಬಿದ್ದುಹೋಗ್ಲಿ ಅಂದಿದ್ದೆ."

"ಅವಾಗ ನಾನು ಭಾವುಕನಾಗಿದ್ದೆ ಅಕ್ಕ."

"ಈಗ?"

ಉತ್ತರ ಕೊಟ್ಟವರು ಸಾಹೇಬರು. "ಈಗ ನಮ್ಮವನಾಗಿದಾನೆ. ಇವನ ಮುಂದಿನ ಸಿನಿಮಾ ನಾನೇ ಮಾಡ್ತಿದೀನಿ. ಆ ಪುಣ್ಯ ನಿಮ್ಮದೇ ತಂಗಿ, ಪಕ್ಕಪಕ್ಕ ಕೂರಿಸಿದವರು ನೀವೇ ಅಲ್ವಾ? ಉಪ್ಪಿನ ಋಣ." ಇಬ್ಬರೂ ಒಟ್ಟಿಗೆ ನಕ್ಕರು. ಅವಳು ಇಪ್ಪತ್ತು ವರ್ಷ ಕಿವಿಗೊಟ್ಟು ಕಾದಿದ್ದ ನಗು ಅದು, ಹಗೆಗಳು ಸ್ನೇಹಿತರಾದಾಗ ಬರುವಂಥದು. ಅವಳು ಕುರ್ಚಿಯ ತೋಳನ್ನು ಹಿಡಿದುಕೊಂಡಳು. ಕತ್ತರಿ ಹಾಕದಿದ್ದರೆ ಒಂದು ಚಿತ್ರಮಂದಿರವೂ ಇಲ್ಲ ಎಂಬುದನ್ನು ಸಾಹೇಬರು ಬಹಳ ಮೃದುವಾಗಿ, ಬಾಗಿಲಲ್ಲಿ ಚಪ್ಪಲಿ ಹುಡುಕುತ್ತ ಹೇಳಿದರು. ಭಾನುವಾರದವರೆಗೆ ಯೋಚನೆ ಮಾಡಿ ಎಂದರು.

ಗಂಡನಿಗೆ ಹೇಳಿದರೆ ಅವರಿಗೆ ಆಗಲೇ ಗೊತ್ತಿತ್ತು. "ಅವಳನ್ನ ನಾನು ಒಪ್ಪಿಸ್ತೀನಿ ಅಂದಿದ್ದೆ ಅವರಿಗೆ" ಎಂದರು, ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ. "ಇಷ್ಟು ವರ್ಷ ಎಲ್ಲರ ಜೊತೆ ಹೊಂದ್ಕೊಂಡು ಅಚ್ಚುಕಟ್ಟಾಗಿ ಇದ್ದವಳು, ಒಂದು ಇಸ್ತ್ರಿಪೆಟ್ಟಿಗೆಗೋಸ್ಕರ ಯಾಕೆ ಹಟ?"

"ರೀ, ಆ ನಾಟಕ ನೀವೂ ನೋಡಿದ್ರಲ್ಲ. ಆ ಜಾಗದಲ್ಲಿ ಏನಾಗುತ್ತೆ ಹೇಳಿ ನೋಡೋಣ?"

ಸಾಹುಕಾರರು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು. "ಬಟ್ಟೆ ಒಗೀತಾರೆ."

ಅವಳು ದೊಡ್ಡಮ್ಮನ ಮನೆಗೆ ಹೋದಳು. ಒಂದೇ ಕೋಣೆ, ಕಿಟಕಿಯಲ್ಲಿ ಒಣಹಾಕಿದ ಒಂದು ಜೊತೆ ಕಾಲುಚೀಲ. ನಡೆದದ್ದನ್ನೆಲ್ಲ ಹೇಳುವಾಗ ಅವಳ ದನಿ ಏರಿತು. ಗಡ್ಡನನ್ನು ಬೈದಳು, ಸಾಹೇಬರನ್ನು ಬೈದಳು, ಗಂಡನನ್ನು ಬೈದಳು, ಪತ್ರಿಕೆಯವರನ್ನೂ ನಾಯಿಯನ್ನೂ ಬಿಡಲಿಲ್ಲ. ದೊಡ್ಡಮ್ಮ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೇಳಿಸಿಕೊಂಡಳು.

"ಅವರಿಬ್ಬರನ್ನ ಕೂರಿಸಿದ್ದು ಯಾರು?"

"ನಾನು."

"ಹಂಗಾದ್ರೆ ಎಬ್ಬಿಸೋಳೂ ನೀನೇ. ಬೈಗುಳ ನನ್ನ ಹತ್ರ ಯಾಕೆ ಖರ್ಚು ಮಾಡ್ತೀಯ? ಅಲ್ಲಿಗೆ ಉಳಿಸ್ಕೋ."

ಭಾನುವಾರ ಮಧ್ಯಾಹ್ನ ಊಟಕ್ಕೆ ಎಲ್ಲರನ್ನೂ ಕರೆದಳು. ಸಾಹೇಬರು, ಗಡ್ಡ, ಗಂಡ, ನಾದಿನಿ, ಆ ಸಂಸ್ಕೃತಿ ಇಲಾಖೆಯ ಅಧಿಕಾರಿ. ಮೇಡಂ ದಾರಿಗೆ ಬಂದರು ಎಂದುಕೊಂಡೇ ಎಲ್ಲರೂ ನಗುನಗುತ್ತ ಊಟದ ಕೋಣೆಗೆ ಬಂದರು, ಬಾಗಿಲಲ್ಲೇ ನಿಂತರು.

ಮೇಜಿನ ಮೇಲೆ ಹೆಸರಿನ ಚೀಟಿಗಳಿರಲಿಲ್ಲ. ಮೇಜಿನ ತಲೆಯಲ್ಲಿ, ಸಾಹುಕಾರರ ಕುರ್ಚಿಯಲ್ಲಿ, ಅವಳು ಕೂತಿದ್ದಳು. ಬಲಕ್ಕೆ ದೊಡ್ಡಮ್ಮ. ಇಬ್ಬರೂ ಆಗಲೇ ಊಟ ಶುರು ಮಾಡಿದ್ದರು. ಆ ಮನೆಯಲ್ಲಿ ಅತಿಥಿಗಳಿಗಿಂತ ಮೊದಲು ಅವಳು ತುತ್ತು ಬಾಯಿಗಿಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಇಡೀ ಮೇಜಿಗೆ ಇದ್ದದ್ದು ಒಂದೇ ಉಪ್ಪಿನ ಬಟ್ಟಲು, ಅದು ಅವಳ ತಟ್ಟೆಯ ಪಕ್ಕದಲ್ಲಿತ್ತು.

"ಬನ್ನಿ, ಕೂತ್ಕೊಳ್ಳಿ."

"ಎಲ್ಲಿ ಮೇಡಂ?" ಎಂದರು ಅಧಿಕಾರಿ.

"ಕುರ್ಚಿ ಕಾಣಿಸ್ತಿದೆಯಲ್ಲ."

ಕುರ್ಚಿಗಳು ಕಾಣಿಸುತ್ತಿದ್ದವು. ಅದೇ ತೊಂದರೆ. ಊರಿನ ಚಿತ್ರಮಂದಿರಗಳನ್ನು ಆಳುವವರು, ಕಾರ್ಖಾನೆ ಆಳುವವರು, ಇಲಾಖೆ ಆಳುವವರು, ಒಂದು ಕುರ್ಚಿ ಆರಿಸಿಕೊಳ್ಳಲಾರದೆ ಕೈ ಹಿಸುಕಿಕೊಂಡು ನಿಂತರು. ಅವರವರ ತೂಕಕ್ಕೆ ಸರಿಯಾದ ಜಾಗ ಯಾವುದೆಂದು ಇಷ್ಟು ವರ್ಷ ಬೇರೆ ಯಾರೋ ತೂಗಿ ಹೇಳುತ್ತಿದ್ದರು. ಅವಳ ಎಡಗಡೆಯ ಕುರ್ಚಿಗೆ ಸಾಹೇಬರೂ ಕೈ ಹಾಕಿದರು, ಅಧಿಕಾರಿಯೂ ಕೈ ಹಾಕಿದರು. "ನೀವು, ನೀವು" ಎಂದು ಉಪಚಾರ ನಡೆಯಿತು, ಕುರ್ಚಿಯನ್ನು ಮಾತ್ರ ಇಬ್ಬರೂ ಬಿಡಲಿಲ್ಲ. ಕೊನೆಗೆ ಅಧಿಕಾರಿ ಗೆದ್ದರು. ಮುಖ ಕೆಂಪಗೆ ಮಾಡಿಕೊಂಡ ಸಾಹೇಬರು ಸಿಕ್ಕಿದ ಕಡೆ ಕೂತರು. ಅದು ಗಡ್ಡನ ಎದುರಾಯಿತು, ನೇರವಾಗಿ, ಕಣ್ಣಿಗೆ ಕಣ್ಣು.

"ನಾನೆಲ್ಲಿ ಕೂತ್ಕೊಳ್ಳಲೇ?" ಎಂದರು ಗಂಡ, ತಮ್ಮದೇ ಮನೆಯಲ್ಲಿ.

"ನಿಮ್ಮಿಷ್ಟ."

ಊಟ ಬಂತು. ಮಾತು ಬರಲಿಲ್ಲ. ಆ ಮೇಜಿನಲ್ಲಿ ಮೌನ ಬಿದ್ದಾಗಲೆಲ್ಲ ಹಾರಿಹೋಗಿ ಹಿಡಿಯುತ್ತಿದ್ದವಳು ಅವಳು: ಯಾರದೋ ಮಗಳ ಮದುವೆ, ಯಾರದೋ ಹೊಸ ಕಾರು, ಏನೋ ಒಂದು ಎತ್ತಿ ಎಸೆಯುತ್ತಿದ್ದಳು. ಇವತ್ತು ಹಿಡಿಯಲಿಲ್ಲ. ಮೌನ ಬಿದ್ದು ಒಡೆಯಲಿ ಎಂದು ಬಿಟ್ಟಳು. ತಾನು ಮಾತ್ರ ಬೇಕಾದಷ್ಟು ಉಪ್ಪು ಹಾಕಿಕೊಂಡು ಉಂಡಳು.

"ಸೂಪಿಗೆ ಉಪ್ಪೇ ಇಲ್ಲ" ಎಂದರು ಸಾಹೇಬರು ಕೊನೆಗೆ.

ಗಡ್ಡ ಏನು ಮಾತಾಡಬೇಕೆಂದು ತಿಳಿಯದೆ ಜೋಕು ಮಾಡಲು ಹೋದ. "ಸರ್‌ಗೆ ಎಲ್ಲದಕ್ಕೂ ಮೇಲಿಂದ ಏನಾದ್ರೂ ಉದುರಿಸ್ಲೇಬೇಕು. ಸೂಪಿಗೆ ಉಪ್ಪು, ಸಿನಿಮಾಕ್ಕೆ ಹಾಡು."

ಪಕ್ಕದಲ್ಲಿ ಕೂತಿದ್ದರೆ ಆ ಮಾತು ನಗೆಯಾಗುತ್ತಿತ್ತು. ಎದುರಿನಿಂದ ಬಂದದ್ದರಿಂದ ಹಣೆಗೆ ಬಡಿಯಿತು. ಸಾಹೇಬರು ಚಮಚ ಕೆಳಗಿಟ್ಟರು. "ಏನಂದೆ?"

"ತಮಾಷೆಗೆ ಸರ್."

"ನನ್ನ ಹಾಡು ತಮಾಷೆನಾ? ಮೊನ್ನೆ ಕಾರಲ್ಲಿ ಅದ್ಭುತ ಸರ್, ಅದ್ಭುತ ಅಂದವನು ಯಾರು? ಲೈಟು ಹಿಡ್ಕೊಂಡು ನಿಂತಿದ್ದೋನು ನೀನು. ನಾನು ಎತ್ತಿದ್ರೆ ಮೇಲೆ, ಬಿಟ್ರೆ ಕೆಳಗೆ."

"ಲೈಟು ಹಿಡಿದಿದ್ದೆ, ನಿಜ. ನಿಮ್ಮ ಹಾಗೆ ಇಂಟರ್‌ವಲ್‌ಗೇ ಎದ್ದುಹೋಗ್ಲಿಲ್ಲ. ನೀವು ಈ ಸಿನಿಮಾದ ಕೊನೆ ನೋಡಿದೀರಾ? ಹೇಳಿ, ಕೊನೆಗೆ ಏನಾಗುತ್ತೆ?"

"ಕೊನೆ ನೋಡೋಕೆ ನಾನೇನು ಕೆಲಸ ಇಲ್ಲದವನಾ?"

ಅಲ್ಲಿಂದ ಮುಂದೆ ಇಬ್ಬರೂ ಒಬ್ಬರ ವಂಶವನ್ನೊಬ್ಬರು ವಿಚಾರಿಸಿಕೊಂಡರು. ಸಾಹುಕಾರರು ಹೆಂಡತಿಯ ಕಡೆ ಕಣ್ಸನ್ನೆ ಮಾಡಿದರು, ಏನಾದರೂ ಮಾಡು ಎಂಬಂತೆ. ಅವಳು ಬಾಯಿ ಒರೆಸಿಕೊಂಡು ಎದ್ದಳು. ಎಲ್ಲರೂ ಸುಮ್ಮನಾದರು, ಸಂಧಾನ ಬಂತು ಎಂದುಕೊಂಡರು.

"ಇಪ್ಪತ್ತು ವರ್ಷ ಈ ಮೇಜಲ್ಲಿ ನಿಮ್ಮ ಜಗಳಗಳನ್ನೆಲ್ಲ ಇಸ್ತ್ರಿ ಮಾಡಿದ್ದು ನಾನು. ಒಂದು ಸುಕ್ಕು ಕಾಣದ ಹಾಗೆ. ನಿಮ್ಮಲ್ಲಿ ಒಬ್ಬರಿಗೂ ಅದು ಕೆಲಸ ಅಂತ ಕಾಣಿಸ್ಲಿಲ್ಲ. ಹೂವು ಜೋಡಿಸ್ತಾಳೆ ಅಂದ್ರಿ. ದೊಡ್ಡಮ್ಮ ಪರದೆ ಮೇಲೆ ಮಾಡೋದೂ ಅದನ್ನೇ, ಅದಕ್ಕೇ ನಿಮಗೆ ನೋಡೋಕಾಗಲ್ಲ. ಆ ದೃಶ್ಯ ಹಾಗೇ ಇರುತ್ತೆ. ಒಂದು ಗುಂಡಿ ಕೂಡ ಕಮ್ಮಿ ಆಗಲ್ಲ. ನಿಮ್ಮ ಚಿತ್ರಮಂದಿರಗಳನ್ನ ನೀವೇ ಇಟ್ಕೊಳ್ಳಿ ಸಾಹೇಬ್ರೇ. ನನಗೆ ಗೋದಾಮಿದೆ."

"ಗೋದಾಮಿಗೆ ಯಾರ್ರೀ ಬರ್ತಾರೆ?" ಎಂದರು ಸಾಹೇಬರು, ತಂಗಿ ಎನ್ನುವುದನ್ನು ಮರೆತು.

"ಅಂಗಿ ಹಾಕ್ಕೊಳ್ಳೋರು ಯಾರಾದ್ರೂ ಬರ್ಬಹುದು. ಇಸ್ತ್ರಿ ಮಾಡೋರಂತೂ ಬಂದೇ ಬರ್ತಾರೆ" ಎಂದಳು ದೊಡ್ಡಮ್ಮ, ಮೂಳೆಯೊಂದನ್ನು ಬಿಡಿಸುತ್ತ.

ಸಾಹೇಬರು ತಮ್ಮ ಕಾರಿನಲ್ಲಿ ಹೋದರು. ಗಡ್ಡ ನಡೆದುಕೊಂಡು ಹೋದ. ಅಧಿಕಾರಿ ಸಿಹಿ ಮುಗಿಸಿಯೇ ಎದ್ದರು. ಸಾಹುಕಾರರು ತಮ್ಮ ತಂಗಿಯ ಪಕ್ಕ ಮೂಲೆಯ ಕುರ್ಚಿಯಲ್ಲಿ ಕೂತು ಸಪ್ಪೆ ಊಟವನ್ನೇ ಮುಗಿಸಿದರು. ಉಪ್ಪು ಕೊಡು ಎಂದು ಕೇಳಲು ಅವರಿಗೆ ಧೈರ್ಯ ಬರಲಿಲ್ಲ. ಆಮೇಲೆ ಎಷ್ಟೋ ದಿನ ಗಂಡಹೆಂಡತಿಗೆ ಮಾತಿರಲಿಲ್ಲ.

ಗೋದಾಮಿನ ಗೋಡೆಗೆ ಸುಣ್ಣ ಬಳಿದು ಅದನ್ನೇ ಪರದೆ ಮಾಡಿದರು. ಅದೇ ಕೀರಲು ಕುರ್ಚಿಗಳು. ಯಾವ ಕುರ್ಚಿಯ ಮೇಲೂ ಹೆಸರಿಲ್ಲ, ಗಣ್ಯರ ಸಾಲಿಲ್ಲ. ಮೊದಲ ದಿನ ಊರಿನ ದೊಡ್ಡ ಮನುಷ್ಯರು, ಬೀಳುವುದನ್ನು ನೋಡಲಾದರೂ ಬಂದವರು, ಮುಂದಿನ ಸಾಲಿನಲ್ಲಿ ತಮ್ಮ ಚೀಟಿ ಹುಡುಕುತ್ತ ಕತ್ತಲಾಗುವವರೆಗೆ ಓಡಾಡಿ, ಕೊನೆಗೆ ಲಾಂಡ್ರಿ ಕೆಲಸದವರ, ದರ್ಜಿಗಳ, ಕಾಲೇಜು ಹುಡುಗಿಯರ ನಡುವೆ ಸಿಕ್ಕಿದ ಕಡೆ ಹುದುಗಿಕೊಂಡರು. ಈ ಬರಹಗಾರನಿಗೆ ಕಂಬದ ಹಿಂದಿನ ಜಾಗ ಸಿಕ್ಕಿತು. ಅರ್ಧ ಪರದೆ ಕಾಣುತ್ತಿತ್ತು. ಪಕ್ಕದಲ್ಲಿ ಕೂತಿದ್ದವರು ಟೈಲ್ಸ್ ಸಾಹುಕಾರರು.

ಇಸ್ತ್ರಿಪೆಟ್ಟಿಗೆ ಮೇಜಿಗೆ ತಾಗತೊಡಗಿತು. ಕಾಲರು, ತೋಳು, ಬೆನ್ನು. ಮೂರನೆಯ ಅಂಗಿಯ ಹೊತ್ತಿಗೆ ಹಿಂದಿನಿಂದ ಒಬ್ಬ ಹೆಂಗಸಿನ ದನಿ, "ಅಗೋ, ಇನ್ನೂ ಒಂದು ರಾಶಿ ಇದೆ" ಎಂದಿತು. ಯಾರೂ ನಗಲಿಲ್ಲ. ಬೆರಳು ಸುಟ್ಟಾಗ ಕುರ್ಚಿಗಳೆಲ್ಲ ಒಮ್ಮೆಗೇ ಕೀರಲಿಟ್ಟವು, ಮತ್ತೆ ಸುಮ್ಮನಾದವು. ಸಾಹುಕಾರರು ನಿದ್ದೆ ಮಾಡಲಿಲ್ಲ. ತಮ್ಮ ಅಂಗಿಯ ಕಾಲರನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಹೊರಗೆ ಬಾಗಿಲ ಬಳಿ ಗಡ್ಡ ನಿಂತಿದ್ದ, ಗಡ್ಡವನ್ನು ಬೋಳಿಸಿಕೊಂಡು. "ಅಕ್ಕ" ಎಂದ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ, "ಟಿಕೆಟ್ ತಗೊಂಡಿದ್ಯಾ?" ಎಂದಳು. ತಗೊಂಡಿದ್ದ. ತೋರಿಸಿದ. ಅವಳು ಮುಂದೆ ಹೋದಳು.

ಅಷ್ಟರಲ್ಲಿ ಟಿವಿಯವನೊಬ್ಬ ಮೈಕು ಹಿಡಿದು ಜನರನ್ನು ಸರಿಸಿಕೊಂಡು ಬಂದ. ಒಳಗೆ ಬಂದಿರಲಿಲ್ಲ, ಸಿನಿಮಾ ನೋಡಿರಲಿಲ್ಲ, ಅದು ಅವನ ಕೂದಲಿನಲ್ಲೇ ಗೊತ್ತಾಗುತ್ತಿತ್ತು: ತಗಡಿನ ಸೂರಿನಡಿ ಬೆವೆತಿರಲಿಲ್ಲ, ಒಂದು ಎಳೆಯೂ ಕದಲಿರಲಿಲ್ಲ. ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದು, ಕ್ಯಾಮೆರಾ ಕಡೆ ಹಲ್ಲು ಬಿಟ್ಟು, ಕೇಳಿದ:

"ಮೇಡಂ, ನಿಮ್ಮ ಪಾರ್ಟಿಗಳು ಊರಿಗೇ ಹೆಸರುವಾಸಿ. ಇವತ್ತಂತೂ ನಿಮ್ಮದೇ ಸಿನಿಮಾ. ಬಂದಿರೋರಿಗೆಲ್ಲ ಊಟ ಎಲ್ಲಿ ಇಟ್ಕೊಂಡಿದೀರಿ?"

"ಅವರವರ ಮನೇಲಿ."